ದೋಣಿಗೆ ವೇಗ ಕೊಟ್ಟ ಓಲೆ ಎವಿನ್‌ರೂಡ್

ದೋಣಿಯ ಹಿಂಬದಿಗೆ ಸಿಕ್ಕಿಸಿದ ಇಂಜಿನ್ ಗುಡುಗುಟ್ಟುತ್ತ ಕಡಲಿಗಿಳಿಯುವುದನ್ನು ನಮ್ಮ ತೀರದಲ್ಲಿ ಕಾಣದವರಿಲ್ಲ. ಬೇಕಾದಾಗ ಬಿಗಿದು, ಕೆಲಸ ಮುಗಿದ ಮೇಲೆ ಬಿಚ್ಚಿ ಹೊತ್ತು ತರಬಹುದಾದ ಈ ‘ಔಟ್‌ಬೋರ್ಡ್’ ಯಂತ್ರಕ್ಕಾಗಿ ಹಲವರು ಪ್ರಯತ್ನಿಸಿದ್ದರು. ಆದರೆ ಅದನ್ನು ಜನಸಾಮಾನ್ಯರ ಬಳಕೆಗೆ ತಂದು ನೆಲೆಗೊಳಿಸಿದ ಕೀರ್ತಿ ಓಲೆ ಎವಿನ್‌ರೂಡ್ ಅವರಿಗೆ ಸಲ್ಲುತ್ತದೆ.

1877ರಲ್ಲಿ ನಾರ್ವೆ ದೇಶದಲ್ಲಿ ಜನಿಸಿದ ಓಲೆ, ಐದು ವರ್ಷದ ಬಾಲಕನಾಗಿದ್ದಾಗಲೇ ಕುಟುಂಬದವರೊಡನೆ ಅಮೆರಿಕಾದ ವಿಸ್ಕಾನ್ಸಿನ್ ಪ್ರಾಂತಕ್ಕೆ ಬಂದರು. ಕೃಷಿಕರ ಮನೆಯ ಹುಡುಗನಿಗೆ ಹೊಲಕ್ಕಿಂತ ಯಂತ್ರಗಳಲ್ಲೇ ಆಸಕ್ತಿ. ಹದಿಹರೆಯದಲ್ಲೇ ಮನೆ ಬಿಟ್ಟು ಕಾರ್ಖಾನೆಗಳಲ್ಲಿ ದುಡಿದರು; ರಾತ್ರಿ ಪುಸ್ತಕ ಓದಿ ಯಂತ್ರವಿದ್ಯೆಯನ್ನು ತಾವೇ ಕಲಿತರು.

ಮಿಲ್‌ವಾಕಿ ನಗರದಲ್ಲಿದ್ದಾಗ ಬೆಸ್ ಕೇರಿ ಎಂಬ ತರುಣಿಯ ಪರಿಚಯವಾಗಿ 1906ರಲ್ಲಿ ವಿವಾಹವಾಯಿತು. ಅದಕ್ಕೆ ಮುಂಚೆ ಒಂದು ಬೇಸಗೆಯ ದಿನ, ಆಕೆ ಬಯಸಿದ ಐಸ್‌ಕ್ರೀಮ್ ತರಲು ಓಲೆ ಸರೋವರದಾಚೆಗೆ ಹುಟ್ಟು ಹಾಕಿಕೊಂಡು ಹೋದರಂತೆ. ಮರಳಿ ಬರುವಷ್ಟರಲ್ಲಿ ಐಸ್‌ಕ್ರೀಮ್ ಕರಗಿ ನೀರಾಗಿತ್ತು. ದೋಣಿಗೆ ಇಂಜಿನ್ ಜೋಡಿಸುವ ಯೋಚನೆ ಅಂದೇ ಹೊಳೆಯಿತೆಂದು ಕತೆ.

1909ರಲ್ಲಿ ಮಾರಾಟಕ್ಕೆ ಬಂದ ಎವಿನ್‌ರೂಡ್ ಇಂಜಿನ್ನಿನ ಶಕ್ತಿ ಒಂದೂವರೆ ಅಶ್ವಶಕ್ತಿ, ತೂಕ 62 ಪೌಂಡು, ಬೆಲೆಯೂ 62 ಡಾಲರು. ಪತಿ ಯಂತ್ರ ಕಟ್ಟಿದರೆ, ಪತ್ನಿ ಲೆಕ್ಕಪತ್ರ, ಜಾಹೀರಾತು, ಪತ್ರವ್ಯವಹಾರಗಳನ್ನು ಹೊತ್ತರು. ವ್ಯಾಪಾರ ಹೊರದೇಶಗಳಿಗೂ ಹಬ್ಬಿತು. ಆದರೆ ಬೆಸ್ ಅವರ ಆರೋಗ್ಯ ಕೆಟ್ಟಿತು. ಸುಮಾರು ಐದು ವರ್ಷಗಳಲ್ಲೇ ಓಲೆ ತಮ್ಮ ಪಾಲನ್ನು ಪಾಲುದಾರರಿಗೆ ಮಾರಿ, ಇನ್ನೈದು ವರ್ಷ ಈ ಉದ್ಯಮಕ್ಕೆ ಕೈಹಾಕುವುದಿಲ್ಲವೆಂದು ಒಪ್ಪಿ, ಹೆಂಡತಿಯ ಆರೈಕೆಗೆ ನಿಂತರು. ಅವರ ಹೆಸರೂ ಕಂಪೆನಿಯೊಂದಿಗೆ ಪರರ ಪಾಲಾಯಿತು.

ಆ ಬಿಡುವಿನಲ್ಲೂ ಅವರ ತಲೆ ಸುಮ್ಮನಿರಲಿಲ್ಲ. ಕಬ್ಬಿಣದ ಬದಲು ಅಲ್ಯೂಮಿನಿಯಂ, ಒಂದು ಸಿಲಿಂಡರಿನ ಬದಲು ಎರಡು: ತೂಕ 48 ಪೌಂಡಿಗೆ ಇಳಿಯಿತು, ಶಕ್ತಿ ಇಮ್ಮಡಿಯಾಗಿ ಮೂರು ಅಶ್ವಶಕ್ತಿಗೆ ಏರಿತು. ಹಳೆಯ ಪಾಲುದಾರರಿಗೆ ತೋರಿಸಿದರೆ ಅವರು ಒಲ್ಲೆನೆಂದರು. ಓಲೆ ಹೊಸ ಕಂಪೆನಿಯನ್ನೇ ಕಟ್ಟಿದರು. ಫಲಕದ ಮೇಲೆ ತಮ್ಮ ಹೆಸರನ್ನು ಬರೆಯುವಂತಿರಲಿಲ್ಲ. ಎವಿನ್‌ರೂಡರ ಹಗುರವಾದ ಅವಳಿ ಔಟ್‌ಬೋರ್ಡ್ ಎಂಬರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಕೂಡಿಸಿ ‘ಎಲ್ಟೊ’ ಎಂದಿಟ್ಟರು.

ಅಷ್ಟರಲ್ಲಿ ಜಾನ್ಸನ್ ಸಹೋದರರು 1922ರಲ್ಲಿ 35 ಪೌಂಡಿನ ಇಂಜಿನ್ ತಂದರು. ಸ್ಪರ್ಧೆ ವ್ಯಾಪಾರದಿಂದ ನೀರಿಗಿಳಿಯಿತು, ಸರೋವರಗಳಲ್ಲಿ ಪಂದ್ಯಗಳಾದವು. 1928ರಲ್ಲಿ ಓಲೆಯವರ ನಾಲ್ಕು ಸಿಲಿಂಡರಿನ ‘ಎಲ್ಟೊ ಕ್ವಾಡ್’ 18 ಅಶ್ವಶಕ್ತಿಯೊಡನೆ ಬಂದಿತು.

ಪಂದ್ಯದ ಇಂಜಿನ್ನುಗಳ ಗುಟ್ಟು ಮೂರು. ತೂಕ ಇಳಿಸುವುದು, ಇಂಜಿನ್ನನ್ನು ಅತಿ ವೇಗವಾಗಿ ತಿರುಗಿಸುವುದು, ನೀರಿನ ತಡೆಯನ್ನು ಕಡಿಮೆ ಮಾಡುವುದು. ಸಿಲಿಂಡರಿನೊಳಗಿನ ಒತ್ತಡ ಹೆಚ್ಚಿಸಿದರು. ಹೊಗೆ ಬೇಗ ಹೊರಹೋಗಲೆಂದು ಸದ್ದಡಗಿಸುವ ಭಾಗವನ್ನೇ ತೆಗೆದುಹಾಕಿದರು. ಅಬ್ಬರ ಮೈಲಿ ದೂರಕ್ಕೂ ಕೇಳುತ್ತಿತ್ತು. ಪೆಟ್ರೋಲಿನ ಬದಲು ಮೆಥನಾಲ್ ಸುರಿದವರಿಗೆ ಬೇಕಾದದ್ದು ಹರಳೆಣ್ಣೆ! ಖನಿಜತೈಲ ಮೆಥನಾಲಿನಲ್ಲಿ ಬೆರೆಯುವುದಿಲ್ಲ, ಹರಳೆಣ್ಣೆ ಬೆರೆಯುತ್ತದೆ. ಕಾದ ಲೋಹದ ಮೇಲೂ ಜಾರುಪದರವಾಗಿ ನಿಲ್ಲುತ್ತದೆ. ನೀರಿನೊಳಗಿನ ಭಾಗವನ್ನು ಮೀನಿನಂತೆ ಸಪೂರ ಮಾಡಿದರು. ಹಗುರವಾದ ದೋಣಿ ನೀರನ್ನು ಸೀಳದೆ ಮೇಲ್ಮೈಯಲ್ಲೇ ಜಾರಿತು. ಸವಾರ ಮೊಣಕಾಲೂರಿ ಕುಳಿತು ಓಡಿಸಿದ.

1929ರಲ್ಲಿ ಎಲ್ಟೊ, ಲಾಕ್‌ವುಡ್ ಹಾಗೂ ಹಳೆಯ ಎವಿನ್‌ರೂಡ್ ಕಂಪೆನಿಗಳು ಒಂದಾದವು. ಹದಿನೈದು ವರ್ಷಗಳ ನಂತರ ಓಲೆ ತಮ್ಮ ಹೆಸರಿನ ಕಾರ್ಖಾನೆಗೆ ಮುಖ್ಯಸ್ಥರಾಗಿ ಮರಳಿದರು. ಆ ಸಂತೋಷ ಬಹುಕಾಲ ಉಳಿಯಲಿಲ್ಲ. 1933ರಲ್ಲಿ ಬೆಸ್ ತೀರಿಕೊಂಡರು. ಮರುವರ್ಷ ಜುಲೈಯಲ್ಲಿ, 57ನೆಯ ವಯಸ್ಸಿನಲ್ಲಿ ಓಲೆಯವರೂ ಕಣ್ಮುಚ್ಚಿದರು. ಮಗ ರಾಲ್ಫ್ ಉದ್ಯಮವನ್ನು ಮುಂದುವರಿಸಿದರು.

ಆ ಹೆಸರಿನ ಔಟ್‌ಬೋರ್ಡ್ ಇಂಜಿನ್ನುಗಳ ತಯಾರಿಕೆ 2020ರಲ್ಲಿ ನಿಂತಿತು. ಆದರೂ ಹಳೆಯ ಕ್ವಾಡ್‌ಗಳನ್ನು ಒರೆಸಿ, ರಿಪೇರಿ ಮಾಡಿ ಓಡಿಸುವ ಹವ್ಯಾಸಿಗಳಿದ್ದಾರೆ. ಹೆಂಡತಿಗಾಗಿ ಹೆಸರನ್ನೇ ಬಿಟ್ಟುಕೊಟ್ಟವರು ಆ ಬಿಡುವಿನಲ್ಲಿ ಹುಡುಕಿದ ಹಗುರತನದಿಂದಲೇ ಅದನ್ನು ಮರಳಿ ಗಳಿಸಿದರೆಂಬುದು ನೆನಪಿಡಬೇಕಾದ ಮಾತು.