ಮಗುವಿನ ಕೈಗೆ ಏನು ಕೊಡುತ್ತೇವೆ?



ಮನೆ ಆಶೀರ್ವಾದಕ್ಕೆ ಹೋದಾಗಲೆಲ್ಲ ಒಂದು ನೋಟ ಕಣ್ಣಿಗೆ ಬೀಳುತ್ತದೆ. ತಾಯಿ ತುತ್ತು ಇಡುತ್ತಾಳೆ. ಮಗುವಿನ ಕಣ್ಣು ಮೊಬೈಲ್ ಮೇಲೆ. ತಿಂದದ್ದು ಅನ್ನವೋ ಇಡ್ಲಿಯೋ ಅದಕ್ಕೆ ಗೊತ್ತಿಲ್ಲ. ಇದು ಸರಿಯೇ ಸ್ವಾಮಿ ಎಂದು ಕೆಲವು ತಾಯಂದಿರು ಕೇಳುತ್ತಾರೆ. ಉತ್ತರಕ್ಕಾಗಿ ಒಬ್ಬ ಮಹಿಳೆಯ ಬಾಳನ್ನು ನೋಡೋಣ. ಅವರ ಹೆಸರನ್ನು ನೀವು ಶಿಶುವಿಹಾರಗಳ ಬೋರ್ಡಿನಲ್ಲಿ ಓದಿದ್ದೀರಿ: ಮಾರಿಯಾ ಮಾಂಟೆಸರಿ.

1870ರ ಆಗಸ್ಟ್ 31ರಂದು ಇಟಲಿಯ ಕಿಯಾರವಾಲ್ಲೆಯ ಕಥೋಲಿಕ ಮನೆಯಲ್ಲಿ ಹುಟ್ಟಿದ ಅವರು, ಹೆಂಗಸರು ವೈದ್ಯಶಾಸ್ತ್ರ ಓದುವುದೇ ಅಪರೂಪವಾಗಿದ್ದಾಗ, 1896ರಲ್ಲಿ ರೋಮಿನಲ್ಲಿ ವೈದ್ಯರಾದರು. ಬುದ್ಧಿ ಬೆಳೆಯದವರೆಂದು ಜನ ಕೈಬಿಟ್ಟಿದ್ದ ಮಕ್ಕಳ ಆರೈಕೆ ಅವರ ಪಾಲಿಗೆ ಬಂತು. ಫ್ರಾನ್ಸಿನ ವೈದ್ಯ ಸೆಗ್ಯಾಂ ರೂಪಿಸಿದ್ದ ಸಾಧನಗಳನ್ನು ಆ ಮಕ್ಕಳ ಕೈಗಿತ್ತರು. ಕೈ ಚುರುಕಾದಂತೆ ಬುದ್ಧಿಯೂ ಅರಳಿತು.

1907ರ ಜನವರಿ 6, ಮೂವರು ಜ್ಞಾನಿಗಳು ಬಾಲಯೇಸುವನ್ನು ಕಂಡ ಹಬ್ಬದ ದಿನ. ರೋಮಿನ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ, ಕೂಲಿಗೆ ಹೋಗುವವರ ಮಕ್ಕಳಿಗಾಗಿ ಅವರು ಮಕ್ಕಳ ಮನೆಯನ್ನು ತೆರೆದರು. ಅಲ್ಲಿನ ಉಪಕರಣಗಳು ಸರಳ. ಮರದ ದಿಮ್ಮಿಯಲ್ಲಿ 10 ಗುಳಿ, ಅವುಗಳಿಗೆ ಹೊಂದುವ 10 ಮರದ ತುಂಡು. ಒಂದು ತಪ್ಪಿದರೆ ಕೊನೆಯದು ಕೂರದು. ಯಾರೂ ಗದರಬೇಕಿಲ್ಲ; ತಪ್ಪನ್ನು ವಸ್ತುವೇ ತೋರಿಸುತ್ತದೆ, ಮಗುವೇ ತಿದ್ದುತ್ತದೆ. ಅಕ್ಷರಗಳನ್ನು ಉಪ್ಪುಕಾಗದದಲ್ಲಿ ಕತ್ತರಿಸಿ ಅಂಟಿಸಿದ್ದರು. ಬೆರಳಿನಿಂದ ಸವರುತ್ತಾ ಪುಟಾಣಿಗಳು ಬರೆಯಲು ಕಲಿತವು.

ಒಮ್ಮೆ ಸುಮಾರು 3 ವರ್ಷದ ಹುಡುಗಿಯೊಬ್ಬಳು ಆ ತುಂಡುಗಳನ್ನು ತೆಗೆದು ಕೂರಿಸುತ್ತಿದ್ದಳು. ಸುತ್ತಲೂ ಮಕ್ಕಳು ಹಾಡಿದರೂ, ಕುರ್ಚಿ ಸಮೇತ ಅವಳನ್ನೇ ಮೇಜಿನ ಮೇಲಿಟ್ಟರೂ ನಿಲ್ಲಿಸಲಿಲ್ಲ. 40ಕ್ಕೂ ಹೆಚ್ಚು ಬಾರಿ ಮಾಡಿದ ಮೇಲೆ, ಆಯಾಸವಿಲ್ಲದ ನಗುಮುಖದಿಂದ ಎದ್ದಳು.

ಇಂಥ ತಾಯಿಹೃದಯದಲ್ಲಿ ಒಂದು ಗಾಯವಿತ್ತು. 1898ರಲ್ಲಿ, ಮದುವೆಯಾಗದೆಯೇ, ಅವರಿಗೆ ಮಾರಿಯೊ ಎಂಬ ಮಗ ಹುಟ್ಟಿದ. ಲೋಕದ ಬಾಯಿಗೆ ಅಂಜಿ ಮಗುವನ್ನು ಹಳ್ಳಿಯ ಕುಟುಂಬವೊಂದಕ್ಕೆ ಒಪ್ಪಿಸಬೇಕಾಯಿತು. ಲೋಕದ ಮಕ್ಕಳಿಗೆ ಸಾಧನ ಮಾಡಿಕೊಟ್ಟವರು ತಮ್ಮ ಮಗನ ಎಳವೆಯನ್ನು ಕಳೆದುಕೊಂಡರು. ಹದಿಹರೆಯದಲ್ಲಿ ತಾಯಿಯನ್ನು ಸೇರಿದ ಮಾರಿಯೊ ಮುಂದೆ ಅವರ ಬಲಗೈಯಾದ.

1939ರಲ್ಲಿ ತಾಯಿ ಮಗ ಮದರಾಸಿನ ಅಡ್ಯಾರಿಗೆ ಬಂದು ಶಿಕ್ಷಕರಿಗೆ ತರಬೇತಿ ಕೊಟ್ಟರು. 1940ರಲ್ಲಿ ಇಟಲಿ ಯುದ್ಧಕ್ಕಿಳಿದಾಗ ಬ್ರಿಟಿಷ್ ಸರ್ಕಾರ ಮಾರಿಯೊನನ್ನು ಬಂಧನದಲ್ಲಿಟ್ಟಿತು. ತಾಯಿಯ 70ನೇ ಹುಟ್ಟುಹಬ್ಬಕ್ಕೆ ಅವನನ್ನು ಬಿಡುಗಡೆ ಮಾಡಿತು. ಅವರಿಗೆ ಬೇರೆ ಉಡುಗೊರೆ ಬೇಕಿತ್ತೇ? 1952ರ ಮೇ 6ರಂದು ನೆದರ್ಲೆಂಡ್ಸ್‌ನಲ್ಲಿ ಅವರು ಪ್ರಭುವಿನಲ್ಲಿ ನಿದ್ರಿಸಿದರು.

ಓದುಗರೇ, ಮಾಂಟೆಸರಿಯವರು ಸಾಧನಗಳ ವೈರಿಯಾಗಿರಲಿಲ್ಲ. ಅವರ ಬದುಕೇ ಸಾಧನ ರೂಪಿಸುವುದಾಗಿತ್ತು. ಆದರೆ ಆ ಮರದ ತುಂಡು ಮಗು ಮುಟ್ಟುವವರೆಗೆ ಸುಮ್ಮನಿರುತ್ತಿತ್ತು. ಮೊಬೈಲ್ ತಾನೇ ಕುಣಿಯುತ್ತದೆ, ಮಗು ಸುಮ್ಮನಾಗುತ್ತದೆ. ಅದಕ್ಕೇ ಹೊಸ ವಸ್ತು ಮನೆಗೆ ಬಂದಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಕೆಲಸ ಮಾಡುವುದು ಮಗುವೋ, ವಸ್ತುವೋ? 2 ವರ್ಷ ತುಂಬುವ ಮುನ್ನ ಮಗುವನ್ನು ಪರದೆಯ ಮುಂದೆ ಕೂರಿಸುವುದು ಬೇಡ, 4 ವರ್ಷದವರೆಗೂ ದಿನಕ್ಕೆ 1 ಗಂಟೆ ಮೀರಬಾರದು ಎಂದು 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ತಿಳಿಸಿತು. ಗಲ್ಫಿನಲ್ಲಿರುವ ಅಪ್ಪನ ಮುಖ ನೋಡಿ ಮಗು ತೊದಲುವುದಾದರೆ ಅದೇ ಮೊಬೈಲ್ ವರವಾದೀತು. ಅಳು ನಿಲ್ಲಿಸುವ ಕೂಲಿಯಾಳಾದರೆ ಅಲ್ಲ.

ಇಂದು ಸಂಜೆ ಕುಟುಂಬ ಪ್ರಾರ್ಥನೆಯ ಮುನ್ನ ಮೊಬೈಲನ್ನು ಕಪಾಟಿನಲ್ಲಿಡಿ. ಬಿಡಿಸಲು ಒಂದಿಷ್ಟು ಬಟಾಣಿ ಕೊಟ್ಟು, ಮಗುವಿನ ಪಕ್ಕದಲ್ಲೇ ಕುಳಿತುಕೊಳ್ಳಿ. ಆ ಎಳವೆ ಮತ್ತೆ ಬಾರದು. ಅದನ್ನು ಕಳೆದುಕೊಂಡ ನೋವು ಮಾಂಟೆಸರಿಯವರಿಗೆ ಗೊತ್ತಿತ್ತು.