ವಾಕ್ಯ ತಿದ್ದಿದವರ ತಿದ್ದದ ಬದುಕು

ಮತ್ತಿಕೆರೆ ಇಂದು ವಿದ್ಯಾರ್ಥಿಗಳ ಬಡಾವಣೆ. 1962ರಲ್ಲಿ ಆರಂಭವಾದ ಎಂ.ಎಸ್. ರಾಮಯ್ಯ ತಾಂತ್ರಿಕ ವಿದ್ಯಾಲಯ ಅದಕ್ಕೆ ಹೊಂದಿಕೊಂಡಂತಿದೆ. ಭಾರತೀಯ ವಿಜ್ಞಾನ ಸಂಸ್ಥೆಯೂ ದೂರವಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಇಂಥ ಬಡಾವಣೆಯಲ್ಲಿ ಕೊಠಡಿ ಹಿಡಿದ ಹುಡುಗ ಹುಡುಗಿಯರು ಗಣಿತಕ್ಕೆ ಅಂಜುವುದಿಲ್ಲ, ಉದ್ಯೋಗ ಸಂದರ್ಶನದ ಇಂಗ್ಲಿಷಿಗೆ ಅಂಜುತ್ತಾರೆ. ಆಗ ಅವರು ಮೊರೆಹೋಗುವುದು ಅಣ್ಣನೋ ಅಕ್ಕನೋ ಬಳಸಿ ಬಿಟ್ಟ ದಪ್ಪನೆಯ ವ್ಯಾಕರಣ ಪುಸ್ತಕಕ್ಕೆ. ಅದರ ನಿಜವಾದ ಶೀರ್ಷಿಕೆ ಯಾರ ನಾಲಗೆಯಲ್ಲೂ ಇಲ್ಲ. ‘ರೆನ್ ಮತ್ತು ಮಾರ್ಟಿನ್’ ಎಂದರೆ ಸಾಕು. ಆದರೆ ಈ ರೆನ್ ಯಾರು?

ಪಿ.ಸಿ. ರೆನ್ ಹುಟ್ಟಿದ್ದು 1875ರ ನವೆಂಬರ್ 1ರಂದು, ಲಂಡನ್ನಿನ ಡೆಟ್‌ಫರ್ಡ್‌ನಲ್ಲಿ, ಶಾಲಾ ಉಪಾಧ್ಯಾಯರೊಬ್ಬರ ಮಗನಾಗಿ. ಆಕ್ಸ್‌ಫರ್ಡ್‌ನಲ್ಲಿ ಅವರು ಸೇರಿದ್ದು ವಸತಿ ಕಾಲೇಜುಗಳ ವೆಚ್ಚ ಭರಿಸಲಾಗದವರಿಗೆ ಆಸರೆಯಾಗಿದ್ದ ಸೇಂಟ್ ಕ್ಯಾಥರೀನ್ಸ್ ಸೊಸೈಟಿಯನ್ನು. 1903ರಲ್ಲಿ ಭಾರತೀಯ ಶಿಕ್ಷಣ ಸೇವೆಗೆ ಸೇರಿ ಮುಂಬಯಿ ಪ್ರಾಂತಕ್ಕೆ ಬಂದರು. ಕರಾಚಿಯಿಂದ ನಮ್ಮ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳವರೆಗೆ ಚಾಚಿಕೊಂಡಿದ್ದ ಪ್ರಾಂತ ಅದು. ಕರಾಚಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ರೆನ್, 1910ರ ಹೊತ್ತಿಗೆ ಭಾರತದ ಶಿಕ್ಷಕರಿಗಾಗಿ ಬೋಧನಕ್ರಮದ ಕೈಪಿಡಿಯನ್ನೂ ಬರೆದರು. ಮೊದಲ ಮಹಾಯುದ್ಧದಲ್ಲಿ ಪೂರ್ವ ಆಫ್ರಿಕಾದ ರಣರಂಗಕ್ಕೆ ಹೋಗಿ, ಅನಾರೋಗ್ಯದಿಂದ ಮರಳಿದರು. 1917ರಲ್ಲಿ ಶಿಕ್ಷಣ ಸೇವೆಯನ್ನೇ ತೊರೆದರು.

ಪಾಶ್ಚಾತ್ಯ ಜಗತ್ತು ಅವರನ್ನು ಬಲ್ಲದ್ದು ಬೇರೊಂದು ಕಾರಣಕ್ಕೆ. 1924ರಲ್ಲಿ ಬಂದ ‘ಬೋ ಜೆಸ್ಟ್’ ಫ್ರೆಂಚ್ ವಿದೇಶೀ ದಳದ ಸಾಹಸವನ್ನು ಹೇಳುವ ಕಾದಂಬರಿ. 1926ರಲ್ಲಿಯೂ 1939ರಲ್ಲಿಯೂ ಚಲನಚಿತ್ರವಾಯಿತು. ವ್ಯಾಕರಣ ಪುಸ್ತಕ ಎಚ್. ಮಾರ್ಟಿನ್ ಅವರ ಜೊತೆಗೂಡಿ 1930ರ ದಶಕದಲ್ಲಿ ಮುಂಬಯಿಯಿಂದ ಪ್ರಕಟವಾಯಿತು. 1941ರಲ್ಲಿ ರೆನ್ ಇಂಗ್ಲೆಂಡಿನಲ್ಲಿ ತೀರಿಕೊಂಡರು. ಮುಂದೆ ಎನ್.ಡಿ.ವಿ. ಪ್ರಸಾದ ರಾವ್ ಪರಿಷ್ಕರಿಸಿದ ಆ ಪುಸ್ತಕ ಸಾಮ್ರಾಜ್ಯ ಅಳಿದ ಮೇಲೂ ಉಳಿಯಿತು.

ಉಳಿದದ್ದಕ್ಕೆ ಕಾರಣವಿದೆ. ನಿಯಮ, ಉದಾಹರಣೆ, ಬಳಿಕ ಅಭ್ಯಾಸ ಎಂಬ ಅದರ ಕ್ರಮ ಶಿಕ್ಷಕರಿಲ್ಲದ ಮನೆಯಲ್ಲೂ ನಡೆಯುತ್ತದೆ. ಆದರೆ ನಮ್ಮ ತಪ್ಪುಗಳು ಎಲ್ಲಿಂದ ಬರುತ್ತವೆಂದು ಅದು ಹೇಳುವುದಿಲ್ಲ. ‘ಎರಡು ವರ್ಷದಿಂದ’, ‘ಸೋಮವಾರದಿಂದ’ ಎಂಬ ಎರಡಕ್ಕೂ ಕನ್ನಡದಲ್ಲಿ ಒಂದೇ ಪ್ರತ್ಯಯ ಸಾಕು. ಇಂಗ್ಲಿಷಿನಲ್ಲಿ ಕಾಲದ ಉದ್ದಕ್ಕೆ ‘ಫಾರ್’, ಆರಂಭಬಿಂದುವಿಗೆ ‘ಸಿನ್ಸ್’. ಆದ್ದರಿಂದಲೇ ನಮ್ಮವರು ‘ಸಿನ್ಸ್ ಟು ಇಯರ್ಸ್’ ಎನ್ನುತ್ತಾರೆ. ಒಂದು ವಿಷಯದ ‘ಬಗ್ಗೆ’ ಚರ್ಚಿಸುವ ನಾವು ‘ಡಿಸ್ಕಸ್’ ಪದಕ್ಕೂ ‘ಅಬೌಟ್’ ಅಂಟಿಸುತ್ತೇವೆ. ‘ಎ’, ‘ದಿ’ ಎಂಬ ಉಪಪದಗಳು ಕನ್ನಡದಲ್ಲಿಲ್ಲ. ಆದ್ದರಿಂದ ಅವು ಕೈತಪ್ಪುತ್ತವೆ. ‘ಇಟ್ಸ್’ ಎಂಬ ಒಂದೇ ಉಚ್ಚಾರ, ಮೇಲೊಂದು ಚಿಹ್ನೆ ಇದ್ದರೆ ‘ಅದು ಇದೆ’, ಇಲ್ಲದಿದ್ದರೆ ‘ಅದರ’ ಎಂಬ ಅರ್ಥ ಕೊಡುತ್ತದೆ. ನಮಗೆ ಅವೆರಡೂ ಬೇರೆ ಬೇರೆ ಪದಗಳೇ. ಇವು ಬುದ್ಧಿಮಾಂದ್ಯದ ಲಕ್ಷಣಗಳಲ್ಲ. ಒಂದು ಭಾಷೆಯನ್ನು ಚೆನ್ನಾಗಿ ಬಲ್ಲವನು ಇನ್ನೊಂದಕ್ಕೆ ಕಾಲಿಡುವಾಗ ಬೀಳುವ ಹೆಜ್ಜೆಗುರುತುಗಳು. ಕಾರಣ ತಿಳಿದರೆ ತಿದ್ದಿಕೊಳ್ಳುವುದು ಸುಲಭ.

ತಿದ್ದಬೇಕಾದದ್ದು ಪುಸ್ತಕದಲ್ಲೂ ಇದೆ. ಲಿಂಗದ ಅಧ್ಯಾಯದಲ್ಲಿ ಜಡವಸ್ತುಗಳಿಗೆ ವ್ಯಕ್ತಿತ್ವ ಆರೋಪಿಸುವಾಗ ಬಲ, ಉಗ್ರತೆ ಉಳ್ಳವನ್ನು ಪುಲ್ಲಿಂಗಕ್ಕೂ ಸೌಂದರ್ಯ, ಮೃದುತ್ವ ಉಳ್ಳವನ್ನು ಸ್ತ್ರೀಲಿಂಗಕ್ಕೂ ಸೇರಿಸಲಾಗಿದೆ. ಸೂರ್ಯ ಗಂಡು, ಚಂದ್ರ ಹೆಣ್ಣು! ಚಂದಮಾಮನನ್ನು ಕರೆಯುತ್ತಾ ಬೆಳೆದ ನಮ್ಮ ಮಕ್ಕಳು ಇದನ್ನು ಪ್ರಶ್ನಿಸದೆ ಬಾಯಿಪಾಠ ಮಾಡಿದರು. ‘ಪ್ರತಿಯೊಬ್ಬರೂ’ ಎಂಬರ್ಥದ ಪದಕ್ಕೆ ‘ಹಿಸ್’ ಬಳಸಬೇಕೆಂಬ ಆ ಕಾಲದ ವ್ಯಾಕರಣದ ವಾಡಿಕೆಯೂ ಹೀಗೆಯೇ ಬಂತು. ತರಗತಿಯಲ್ಲಿ ಅರ್ಧದಷ್ಟು ಹುಡುಗಿಯರೇ ಇದ್ದರೂ ವಾಕ್ಯದಲ್ಲಿ ಅವರಿಗೆ ಎಡೆಯಿಲ್ಲ. ಅಮೆರಿಕದ ಮನಶ್ಶಾಸ್ತ್ರ ಸಂಘದ ಬರವಣಿಗೆಯ ಕೈಪಿಡಿ 2019ರಲ್ಲಿ, ಒಬ್ಬ ವ್ಯಕ್ತಿಯನ್ನು ಸೂಚಿಸಲೂ ‘ದೇ’ ಬಳಸಬಹುದೆಂದು ಒಪ್ಪಿತು. ಒಬ್ಬರನ್ನೇ ‘ಅವರು’ ಎಂದು ಗೌರವಿಸಿ ಕರೆಯುವ ಕನ್ನಡಿಗರಿಗೆ ಇದು ಹೊಸದಲ್ಲ. ಹಾಗೆಂದು ನಾವು ನಿರ್ದೋಷಿಗಳೂ ಅಲ್ಲ: ವೈದ್ಯರನ್ನು ‘ಅವರು’ ಎಂದ ಉಸಿರಿನಲ್ಲೇ ಮನೆಗೆಲಸದವರನ್ನು ‘ಅವಳು’ ಎನ್ನುತ್ತೇವೆ.

ಇನ್ನು ರೆನ್ ಅವರ ಬದುಕಿನ ಒಂದು ಸ್ವಾರಸ್ಯ. ಆಕರಗ್ರಂಥಗಳಲ್ಲಿ ಬಹುಕಾಲ ಅವರ ಜನ್ಮವರ್ಷ 1885 ಎಂದೂ ಹುಟ್ಟೂರು ಡೆವನ್ ಪ್ರಾಂತ್ಯವೆಂದೂ ಅಚ್ಚಾಗುತ್ತಿತ್ತು. ವಿದೇಶೀ ದಳದಲ್ಲಿ ಸ್ವತಃ ಸೈನಿಕರಾಗಿದ್ದರೆಂಬ ಪ್ರತೀತಿ ಹಬ್ಬಿತ್ತು. ಅದಕ್ಕೆ ಖಚಿತ ಆಧಾರ ದೊರೆತಿಲ್ಲ. ಲಕ್ಷಾಂತರ ಮಕ್ಕಳ ವಾಕ್ಯಗಳನ್ನು ತಿದ್ದಿದವರ ಬಾಳಪುಟದಲ್ಲೇ ಇಷ್ಟು ತಪ್ಪುಗಳು ತಿದ್ದುಪಡಿಯಿಲ್ಲದೆ ಉಳಿದಿದ್ದವು. ಆದರೂ ಅವರ ಪುಸ್ತಕವನ್ನು ಯಾರೂ ಬಿಸುಡಲಿಲ್ಲ. ಉಪಯುಕ್ತವಾದದ್ದನ್ನು ಇಟ್ಟುಕೊಂಡರು, ಉಳಿದದ್ದನ್ನು ಪರಿಷ್ಕರಿಸಿದರು.

ಈ ಔದಾರ್ಯ ನಮ್ಮ ವಿದ್ಯಾರ್ಥಿಗಳಿಗೂ ಸಲ್ಲಬೇಕು. ಸೇತುವೆಯ ಭಾರವನ್ನು ಸರಿಯಾಗಿ ಲೆಕ್ಕಹಾಕಬಲ್ಲ ಹುಡುಗಿ ಒಂದು ‘ಸಿನ್ಸ್’ ತಪ್ಪಿದ ಮಾತ್ರಕ್ಕೆ ಸಂದರ್ಶನದ ಕೋಣೆಯಿಂದ ತಲೆತಗ್ಗಿಸಿ ಹೊರಬರುವುದಾದರೆ, ನಷ್ಟ ಅವಳದು ಮಾತ್ರವಲ್ಲ. ವ್ಯಾಕರಣ ಬೇಡವೆಂದಲ್ಲ, ಅರ್ಥ ಸ್ಪಷ್ಟವಾಗಲು, ಓದುವವರ ಸಮಯ ಉಳಿಸಲು ಅದು ಬೇಕು. ಆದರೆ ಕೆಂಪು ಶಾಯಿ ಬೀಳಬೇಕಾದದ್ದು ವಾಕ್ಯದ ಮೇಲೆ, ಬರೆದವರ ಮೇಲಲ್ಲ.