ಪೆನ್ನಿ ಟಪಾಲಿನ ರೋಲೆಂಡ್ ಹಿಲ್

ಮೈಸೂರು ಸೀಮೆಯವರು ಅಂಚೆಯೆನ್ನುವುದನ್ನು ಗೋಕಾಕದ ಕಡೆಯ ನಾವು ಟಪಾಲು ಎನ್ನುತ್ತೇವೆ. ಹೆಸರು ಏನೇ ಇರಲಿ, ಬಡವನ ಕಾಗದ ಎಷ್ಟು ದೂರ ಹೋದರೂ ಒಂದೇ ಅಲ್ಪದರವಿರಬೇಕೆಂಬ ತತ್ತ್ವವನ್ನು ಇಡೀ ಒಂದು ದೇಶದಲ್ಲಿ ಆಚರಣೆಗೆ ತಂದ ಕೀರ್ತಿ ಇಂಗ್ಲೆಂಡಿನ ರೋಲೆಂಡ್ ಹಿಲ್ ಮಹಾಶಯನದು. ಆತನು ಮೊದಲು ನನ್ನಂತೆಯೇ ಪಾಠ ಹೇಳುವ ವೃತ್ತಿಯವನಾಗಿದ್ದನೆಂಬುದು ನನಗೆ ಆತನಲ್ಲಿ ವಿಶೇಷ ಆದರವನ್ನು ಹುಟ್ಟಿಸಿದೆ.

1795ರಲ್ಲಿ ಕಿಡರ್‌ಮಿನ್‌ಸ್ಟರ್ ಎಂಬ ಊರಲ್ಲಿ ಜನಿಸಿದ ಹಿಲ್, ತಂದೆಯ ಶಾಲೆಯಲ್ಲಿ ಎಳೆಯ ವಯಸ್ಸಿನಲ್ಲಿಯೇ ಶಿಕ್ಷಕನಾದನು. ಮುಂದೆ ಬರ್ಮಿಂಗ್‌ಹ್ಯಾಮಿನ ಹೇಜಲ್‌ವುಡ್ ಶಾಲೆಯಲ್ಲಿ ಬೆತ್ತವನ್ನು ಬದಿಗಿರಿಸಿ, ಶಿಸ್ತಿನ ಹೊಣೆಯನ್ನು ಮಕ್ಕಳಿಗೇ ಒಪ್ಪಿಸಿದನು.

ಆಗ ಟಪಾಲಿನ ದರ ದೂರವನ್ನೂ ಹಾಳೆಗಳ ಸಂಖ್ಯೆಯನ್ನೂ ಅನುಸರಿಸಿ ಏರುತ್ತಿತ್ತು. ಹಣ ತೆರುವವನು ಸಾಮಾನ್ಯವಾಗಿ ಕಾಗದ ಪಡೆಯುವವನು. ಪಾರ್ಲಿಮೆಂಟಿನ ಸದಸ್ಯರಿಗೆ ಉಚಿತ. ಲಂಡನ್ನಿನಿಂದ ಎಡಿನ್‌ಬರೋಗೆ ಒಂದು ಕಾಗದವನ್ನು ಸಾಗಿಸುವ ನಿಜವಾದ ವೆಚ್ಚ ಒಂದು ಪೆನ್ನಿಯ 36ರಲ್ಲಿ ಒಂದು ಪಾಲೆಂದು ಹಿಲ್ 1837ರ ತನ್ನ ಪುಸ್ತಿಕೆಯಲ್ಲಿ ಲೆಕ್ಕಹಾಕಿ ತೋರಿಸಿದನು. ಅರ್ಧ ಔನ್ಸಿನ ಕಾಗದಕ್ಕೆ ಎಲ್ಲೆಡೆಯೂ ಒಂದೇ ಪೆನ್ನಿ, ಅದೂ ಮುಂಗಡವಾಗಿ, ಎಂಬುದು ಆತನ ಸೂಚನೆ. 1840ರ ಜನವರಿ 10ರಂದು ಅದು ಜಾರಿಗೆ ಬಂದಿತು.

ಅದೇ ಮೇ ತಿಂಗಳಲ್ಲಿ ಅಂಟಿಸುವ ಚೀಟಿಯೊಡನೆ, ಚಿತ್ರಕಾರ ಮಲ್ರೆಡಿ ಬರೆದ ಲಕೋಟೆಯೂ ಬಳಕೆಗೆ ಬಂದಿತು. ಬ್ರಿಟಾನಿಯ ದೇವಿ ದಶದಿಕ್ಕುಗಳಿಗೂ ದೂತರನ್ನು ಕಳುಹಿಸುವ ಆ ಆಡಂಬರದ ಚಿತ್ರವನ್ನು ಕಂಡು ಜನ ನಕ್ಕರು. ವ್ಯಂಗ್ಯಚಿತ್ರಕಾರ ಜಾನ್ ಲೀಚ್ ಮೊದಲಾದವರು ಅಣಕು ಲಕೋಟೆಗಳನ್ನು ಬರೆದರು. ನೊಂದ ಹಿಲ್ ಲಕೋಟೆಯನ್ನು ಹಿಂತೆಗೆಯಬೇಕಾಯಿತು. ಆದರೆ ಪೆನ್ನಿಯ ದರ ಅಲುಗಲಿಲ್ಲ. 1839ರಲ್ಲಿ ಸುಮಾರು 7.6 ಕೋಟಿಯಿದ್ದ ಕಾಗದಗಳು ಮರುವರ್ಷ 16.9 ಕೋಟಿಯಾದವು.

ಆದರೂ ಸರಕಾರ 1842ರಲ್ಲಿ ಹಿಲ್‌ನನ್ನು ಕೆಲಸದಿಂದ ಬಿಡಿಸಿತು. ಆತನು ಹೊರಗಿದ್ದಾಗಲೇ, 1844ರಲ್ಲಿ, ಗೃಹಸಚಿವ ಸರ್ ಜೇಮ್ಸ್ ಗ್ರಹಾಮನು ಇಟಲಿಯ ದೇಶಭಕ್ತ ಮಾಜಿನಿಯ ಕಾಗದಗಳನ್ನು ಗುಟ್ಟಾಗಿ ಒಡೆಯಿಸಿದ್ದು ಬಯಲಾಯಿತು. ಆಗ ಅದೇ ಲೀಚ್, ಪಂಚ್ ಪತ್ರಿಕೆಗಾಗಿ ಅದೇ ಮಲ್ರೆಡಿ ಲಕೋಟೆಯ ಮಾದರಿಯಲ್ಲಿ ಗ್ರಹಾಮನ ಅಣಕುಚಿತ್ರ ಬರೆದನು. ಹಿಲ್‌ನನ್ನು ನೋಯಿಸಿದ ಲೇಖನಿ ಈಗ ಸಾಮಾನ್ಯನ ಕಾಗದದ ಕಾವಲಿಗೆ ನಿಂತಿತು. ಅಧಿಕಾರಿಗಳ ಮೇಲಿನ ನಗೆಯನ್ನು ಕೇವಲ ಕುಚೋದ್ಯವೆಂದು ತಳ್ಳಿಹಾಕುವವರು ಇದನ್ನು ನೆನೆಯಬೇಕೆಂದು ನನ್ನ ಬಿನ್ನಹ.

1846ರಲ್ಲಿ ಟಪಾಲು ಕಚೇರಿಗೆ ಮರಳಿದ ಹಿಲ್ 1854ರಲ್ಲಿ ಅದರ ಕಾರ್ಯದರ್ಶಿಯಾದನು. ಅದೇ ವರ್ಷ ಭಾರತದಲ್ಲಿಯೂ ದೂರದ ಲೆಕ್ಕವಿಲ್ಲದ ದರ ಬಂದಿತು: ಕಾಲು ತೊಲೆಯ ಕಾಗದಕ್ಕೆ ಅರ್ಧ ಆಣೆ. ಮುಂಬಯಿ ಇಲಾಖೆಗೆ ಸೇರಿದ್ದ ನಮ್ಮ ಘಟಪ್ರಭೆಯ ದಂಡೆಯಿಂದ ಬೆಳಗಾವಿಗೆ ಬರೆದರೂ ಅಷ್ಟೇ, ಕಲಕತ್ತೆಗೆ ಬರೆದರೂ ಅಷ್ಟೇ. ತನ್ನದೇ ಅಂಚೆಯನ್ನು ನಡೆಸುತ್ತಿದ್ದ ಮೈಸೂರು ಸಂಸ್ಥಾನ 1889ರಲ್ಲಿ ಈ ವ್ಯವಸ್ಥೆಯಲ್ಲಿ ಸೇರಿತು.

1864ರಲ್ಲಿ ಹಿಲ್ ನಿವೃತ್ತನಾದಾಗ ಪಾರ್ಲಿಮೆಂಟು 20,000 ಪೌಂಡುಗಳನ್ನಿತ್ತಿತು; ಪಂಚ್ ಪತ್ರಿಕೆಯೂ ಚಿತ್ರ ಬರೆದು ಗೌರವಿಸಿತು. 1879ರಲ್ಲಿ ತೀರಿಕೊಂಡ ಆತನನ್ನು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿ ಮಾಡಿದರು. ನಗೆಯ ಏಟಿಗೆ ಲಕೋಟೆಯ ಚಿತ್ರ ಉಳಿಯಲಿಲ್ಲ. ಮನೆಮನೆಯ ಬಾಗಿಲಿಗೆ ಕ್ಷೇಮಸಮಾಚಾರ ತಂದ ಪೆನ್ನಿಯನ್ನು ಮಾತ್ರ ಯಾವ ನಗೆಯೂ ಮುಟ್ಟಲಿಲ್ಲ.